ದೇವರ ಗೋಡೆಗೆ ಹಾಕಿದ ಹಿಡಿಕೆ

ಅಕ್ಕನ ಮನೆಯ ಮುಂಬಾಗಿಲ ಮೆಟ್ಟಿಲಿಗೆ ಹಾಕಿರುವ ಸ್ಟೀಲ್ ರೇಲಿಂಗ್ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇವತ್ತಿಗೂ ಕಿತ್ತಿಲ್ಲ. ಅಂಗಡಿಯಿಂದ ಬಂದಾಗ ಹೇಗೆ ಸುತ್ತಿತ್ತೋ ಹಾಗೇ ಬಿಟ್ಟಿದ್ದಾರೆ. ಬಿಸಿಲಿಗೆ ಅದು ಸೀಳಿ, ಅಂಚುಗಳು ಸುರುಟಿ, ಒಳಗೆ ಧೂಳು ಮತ್ತು ಸತ್ತ ಇರುವೆ ಸೇರಿಕೊಂಡು, ಹುಣ್ಣಿನ ಮೇಲಿನ ಹಕ್ಕಳೆಯ ಹಾಗೆ ಕಾಣುತ್ತದೆ. ಮುಟ್ಟಿದರೆ ಅಂಗೈಗೆ ಅಂಟಂಟು. ಹಾಗಾಗಿ ಯಾರೂ ಅದನ್ನು ಹಿಡಿಯುವುದಿಲ್ಲ. ಹಿಡಿಯಬಾರದು ಎಂದೇ ಹಾಳೆ ಬಿಟ್ಟಿರುವುದು. "ಕೈ ಗುರುತು ಬೀಳ್ತದೆ ಕಣಯ್ಯ, ಶೈನಿಂಗ್ ಹೋಗ್ಬಿಡ್ತದೆ," ಎಂದು ಭಾವ ನನಗೆ ವಿವರಿಸಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಇರುವುದು ಸೂಲಿಬೆಲೆ ಹತ್ತಿರದ ಹಳ್ಳಿಯಲ್ಲಿ. ಹೊಲ ಇದೆ, ಕೊಟ್ಟಿಗೆಯ ತುಂಬ ಸೀಮೆ ಹಸುಗಳಿವೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ. ಮಗ ಹೊಸಕೋಟೆ ಕಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಅಲ್ಲೇ ಒಂದು ಶಾಲೆಯ ಆಫೀಸಿನಲ್ಲಿದ್ದಾಳೆ. ನಾನು ಹೊಸಕೋಟೆಯಲ್ಲಿದ್ದೇನೆ. ಬಹಳ ವರ್ಷ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆದವನು. ಕಂಡದ್ದು, ಕೇಳಿದ್ದು, ಅನ್ನಿಸಿದ್ದು ಇವನ್ನು ಒಂದರೊಳಗೊಂದು ಬೆರೆಸದೆ ಬರೆಯುವುದು ಅಲ್ಲಿಂದ ಬಂದ ಅಭ್ಯಾಸ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಅನ್ನಿಸಿದ್ದು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಒಂದೇ ಪದ, ಹೇಸಿಗೆ.

ಅಕ್ಕ ಬಿದ್ದದ್ದು ಹೊಸ ಮನೆಯ ಬಾತ್‌ರೂಮಿನಲ್ಲಿ. ಅದನ್ನು ನಾನು ಕಂಡಿಲ್ಲ, ಅಕ್ಕ ಹೇಳಿದ್ದು. ಬೆಳಿಗ್ಗೆ ಹಾಲು ಕರೆದು, ಕೈಕಾಲು ತೊಳೆಯಲು ಒಳಗೆ ಹೋಗಿದ್ದಳು. ನೆಲಕ್ಕೆ ಹಾಕಿದ್ದು ಮುಖ ಕಾಣುವಂಥ ಹೊಳಪಿನ ಟೈಲ್. ಗೃಹಪ್ರವೇಶಕ್ಕೆ ಬಂದವರೆಲ್ಲ ಅದರಲ್ಲಿ ಬಗ್ಗಿ ತಮ್ಮ ಮುಖ ನೋಡಿಕೊಂಡು ಹೊಗಳಿದ್ದರು. ಅದರ ಮೇಲೆ ಸೋಪಿನ ನೀರು ನಿಂತಿತ್ತು. ಕಾಲು ಜಾರಿದಾಗ ಅಕ್ಕ ಗೋಡೆಗೆ ಕೈ ಚಾಚಿದಳು. ಗೋಡೆಯೂ ಅದೇ ಟೈಲ್. ಹಿಡಿಯಲು ಏನೂ ಇರಲಿಲ್ಲ. ಎಡಕ್ಕೆ ಬಿದ್ದಳು. ಎಡ ಸೊಂಟದ ಮೂಳೆ ಮುರಿಯಿತು, ಊರಿದ ಎಡ ಮಣಿಕಟ್ಟೂ ಮುರಿಯಿತು.

ಆಸ್ಪತ್ರೆಯಲ್ಲಿ ಸೊಂಟಕ್ಕೆ ರಾಡ್ ಹಾಕಿದರು, ಕೈಗೆ ಕಟ್ಟು ಕಟ್ಟಿದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಮಾತು ಸರಳವಾಗಿತ್ತು. ಕಮೋಡ್ ಪಕ್ಕದ ಗೋಡೆಗೆ, ಬಲಗೈಗೆ ಸಿಗುವ ಹಾಗೆ, ಗಟ್ಟಿಯಾದ ಹಿಡಿಕೆ ಹಾಕಿಸಿ. ನೆಲಕ್ಕೆ ಜಾರದ ಹಾಸು ಹಾಕಿ. ಆಮೇಲೆ ಅವರು ತಾವೇ ಹೋಗಿ ಬರುತ್ತಾರೆ.

ಅಕ್ಕ ಆ ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡಿದ್ದಳು. ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ಅದನ್ನೇ ಹೇಳಿದಳು. "ತಾವೇ ಹೋಗಿ ಬರ್ತಾರೆ ಅಂದ್ರು ಕಣೋ. ಕೇಳಿಸ್ಕೊಂಡೆ ತಾನೆ? ನಂಗೆ ಅಷ್ಟಾದ್ರೆ ಸಾಕು. ಬಾಗ್ಲು ಹಾಕ್ಕೊಂಡು ಒಬ್ಳೇ ಹೋಗ್ಬರಂಗಾದ್ರೆ ಸಾಕು."

ಹೊಸಕೋಟೆಯ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸ್ಟೀಲ್ ಹಿಡಿಕೆ ಕೊಂಡು ಮರುದಿನವೇ ತೆಗೆದುಕೊಂಡು ಹೋದೆ. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಚೆನ್ನಾಗಿದೆ ಎಂದರು. ಎಲ್ಲಿಗೆ ಹಾಕಬೇಕು ಎಂದು ನಾನು ತೋರಿಸಿದ ಮೇಲೆ ಮುಖ ಗಂಟಾಯಿತು.

"ಆ ಗೋಡೆಗಾ? ಆಗಲ್ಲ."

"ಯಾಕೆ ಭಾವ?"

"ಆ ಕಡೆ ದೇವ್ರ ಕೋಣೆ ಕಣಯ್ಯ. ಸರಿಯಾಗಿ ಅಲ್ಲೇ ಮನೆದೇವ್ರ ಪಟ ಐತೆ. ದೇವ್ರ ಬೆನ್ನಿಗೆ ಮೊಳೆ ಹೊಡಿ ಅಂತೀಯಾ?"

ಹಾಲ್ ದೊಡ್ಡದಾಗಿ ಕಾಣಲಿ ಎಂದು ಮನೆ ಕಟ್ಟುವಾಗ ಬಾತ್‌ರೂಮನ್ನು ಹಿಂದಕ್ಕೆ ತಳ್ಳಿ ದೇವರ ಕೋಣೆಗೆ ಆನಿಸಿದವರು ಇವರೇ. ಕಮೋಡಿನ ಬಲಕ್ಕಿರುವುದು ಒಂದೇ ಗೋಡೆ, ನಾಲ್ಕಿಂಚಿನದು. ಆಚೆ ದೀಪ, ಈಚೆ ಫ್ಲಶ್. ಮನೆಯ ಜನವೆಲ್ಲ ಅದರ ಬೆನ್ನಿಗೆ ಕೂತು ಎದ್ದು ಹೋಗುವುದು ದೇವರಿಗೆ ಮೈಲಿಗೆಯಲ್ಲ. ಒಬ್ಬಳು ಮುರಿದ ಸೊಂಟದವಳು ಎದ್ದು ನಿಲ್ಲಲು ನಾಲ್ಕು ಸ್ಕ್ರೂ ಹಾಕಿದರೆ ಮೈಲಿಗೆ. ಇದನ್ನು ಭಾವನಿಗೆ ಹೇಳಿಯೂ ಹೇಳಿದೆ. ಅವರು ನನ್ನದು ಪೇಪರಿನವನ ಬುದ್ಧಿ ಎಂದು ಹೇಳಿ ಎದ್ದು ಹೋದರು.

ಹಿಡಿಕೆಯನ್ನು ಎಡಗೋಡೆಗೆ ಹಾಕಿಸಿದರು. ಅಕ್ಕನ ಎಡಗೈಗೆ ಕಟ್ಟು, ಬೆರಳ ತುದಿ ಮಾತ್ರ ಆಚೆಗಿತ್ತು. ಹಾಕಿದವನು ಟೈಲ್ ಸೀಳೀತೆಂದು ಹೆದರಿ ಸಂದಿಯಲ್ಲಿ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ಗು ತುರುಕಿ, ಸ್ಕ್ರೂ ತಿರುಗಿಸಿ ಹೋಗಿದ್ದ. ನಾನು ಹಿಡಿದು ಅಲ್ಲಾಡಿಸಿದರೆ ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿತು. ಭಾವ ಮಾತ್ರ ನೋಡಲು ಬಂದವರಿಗೆಲ್ಲ "ಹಿಡಿಕೆನೂ ಹಾಕ್ಸಿದೀವಿ" ಎಂದು ಹೇಳುತ್ತಿದ್ದರು. ಸುಳ್ಳಲ್ಲ. ಹಾಕಿಸಿದ್ದರು.

ಮುಂದಿನ ಸಲ ಹೋದಾಗ ಆ ಹಿಡಿಕೆಯ ಮೇಲೆ ಅಕ್ಕನ ಮಗನ ಒದ್ದೆ ಚಡ್ಡಿ, ಭಾವನ ಲುಂಗಿ, ಒಂದು ನೆಲ ಒರೆಸುವ ಬಟ್ಟೆ ನೇತಾಡುತ್ತಿದ್ದವು. ಬಟ್ಟೆಯಿಂದ ಇಳಿದ ನೀರು ಕಮೋಡಿನ ಪಕ್ಕ, ಅಕ್ಕ ಕಾಲಿಡುವ ಜಾಗದಲ್ಲೇ, ಕೊಳೆತ ವಾಸನೆ ಹೊಡೆಯುತ್ತ ನಿಂತಿತ್ತು. ಜಾರದ ಹಾಸು ಎಲ್ಲಿ ಎಂದು ಕೇಳಿದೆ. ಅದನ್ನು ಹಾಕಿದರೆ ಟೈಲ್ ಕಾಣುವುದಿಲ್ಲವಂತೆ.

ಅಕ್ಕನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವ ಕ್ರಮ ಹೀಗಿತ್ತು. ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮೊದಲು ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ. ಸೊಸೆಯನ್ನು ದೂರುವಂತಿಲ್ಲ, ಅವಳು ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ. ಆದರೆ ಬಸ್ಸು ಕಾಯುವುದಿಲ್ಲ. ನಡುವೆ ಬೇಕೆನಿಸಿದರೆ ಭಾವ. ಭಾವ ಅಕ್ಕನನ್ನು ಕೂರಿಸಿ, ಬಾಗಿಲು ಅಗಲಕ್ಕೆ ತೆಗೆದಿಟ್ಟು, ಹಾಲ್‌ಗೆ ಬಂದು ಕೂರುತ್ತಿದ್ದರು. ಬಾತ್‌ರೂಮಿನ ಬಾಗಿಲು ಹಾಲ್‌ಗೇ ತೆರೆಯುತ್ತದೆ. "ಬಾಗ್ಲು ಹಾಕ್ಬೇಡ, ಬಿದ್ರೆ ಯಾರ್ ನೋಡೋದು?" ಎಂದು ಕೂತಲ್ಲಿಂದಲೇ ಕೂಗುವುದು. ನಡುವೆ "ಆಯ್ತಾ?" ಎಂದು ಇನ್ನೊಮ್ಮೆ ಕೂಗುವುದು. ಟೀವಿಯಲ್ಲಿ ಜಾಹೀರಾತು ಬಂದಾಗ ಮತ್ತೊಮ್ಮೆ.

ನೋಡಲು ಬರುವ ನೆಂಟರು ಬ್ರೆಡ್ಡು, ಸೇಬು ತಂದು ಸೋಫಾದಲ್ಲಿ ಕೂರುತ್ತಿದ್ದರು. ಎಲ್ಲರಿಗೂ ಒಂದೇ ಪ್ರಶ್ನೆ. ಒಂದು ಮಧ್ಯಾಹ್ನ ನಾನಿದ್ದಾಗ ಬಂದ ದೂರದ ಚಿಕ್ಕಮ್ಮ ಒಬ್ಬಳು ಅಕ್ಕನ ಎದುರಿಗೇ ಭಾವನನ್ನು ಕೇಳಿದಳು. "ಅದಕ್ಕೆಲ್ಲ ಹೆಂಗ್ ಮಾಡ್ತೀರಾ? ಅಲ್ಲೇ ಹಾಸಿಗೇಲೇನಾ?"

"ಇಲ್ಲ ಇಲ್ಲ, ನಾನೇ ಕರ್ಕೊಂಡೋಗ್ತೀನಿ."

"ಅಯ್ಯೋ, ನೀವಾ? ಪುಣ್ಯ ಮಾಡವ್ಳೆ ಬಿಡಿ. ಮಲಬದ್ಧತೆ ಏನಾದ್ರೂ ಐತಾ?"

"ಎರಡ್ ದಿನಕ್ಕೊಂದ್ಸಲ ಆಗ್ತಾ ಐತೆ."

ಚಿಕ್ಕಮ್ಮ ಬಾಯಿಗೆ ಬಿಸ್ಕತ್ತು ಹಾಕಿಕೊಂಡು ಲೊಚಗುಟ್ಟಿದಳು. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು. ನನ್ನ ಮುಂದೆ ಇಟ್ಟಿದ್ದ ತಟ್ಟೆಯನ್ನು ನಾನು ದೂರ ತಳ್ಳಿದೆ.

ಆವತ್ತೇ ಗಮನಿಸಿದ ಇನ್ನೊಂದು ವಿಷಯ. ಅಕ್ಕನಿಗೆ ಕಾಫಿ ಬಂದಾಗ ಅವಳು ತುಟಿಗೆ ತಾಗಿಸಿ ಕೆಳಗಿಟ್ಟಳು. ದೊಡ್ಡ ಲೋಟದಲ್ಲಿ ಬಿಸಿಬಿಸಿ ಕಾಫಿ ಕುಡಿದು ಇನ್ನೊಂದು ಕೇಳುವ ಹೆಂಗಸು ನನ್ನಕ್ಕ. ನೀರಿನ ಚೊಂಬು ತಲೆದೆಸೆಯಲ್ಲಿ ಬೆಳಿಗ್ಗೆ ತುಂಬಿಸಿದ ಹಾಗೇ ಇತ್ತು. ತುಟಿ ಒಡೆದಿತ್ತು.

"ಯಾಕಕ್ಕ, ಕುಡಿಯಲ್ವಾ?"

ಅವಳು ಭಾವ ಹೊರಗೆ ಹೋಗುವ ತನಕ ಕಾದಳು. "ಕುಡುದ್ರೆ ಹೋಗ್ಬೇಕಲ್ಲಪ್ಪ," ಎಂದಳು. "ಸಂಜೆಗಂಟ ಅದುಮ್ಕೊಂಡಿದ್ರೆ ಆ ಹುಡ್ಗಿ ಬರ್ತಾಳೆ. ಇವ್ರ ಕೈಲಿ ಹೋಗೋದ್ಕಿಂತ ಸಾಯೋದು ವಾಸಿ. ಹಾಲ್ನಲ್ಲಿ ಕೂತೋರೆಲ್ಲ ನನ್ ಉಚ್ಚೆ ಸದ್ದು ಕೇಳ್ತಾರೆ ಕಣೋ."

ನೀರು ಕುಡಿಯದೆ ಅವಳಿಗೆ ಉರಿಮೂತ್ರ ಶುರುವಾಗಿತ್ತು. ಅದಕ್ಕೂ ಮಾತ್ರೆ ಬಂತು. ಆ ಮಾತ್ರೆ ನುಂಗಲು ಬೇಕಾದಷ್ಟು ನೀರನ್ನೂ ಅವಳು ಅಳೆದು ಕುಡಿಯುತ್ತಿದ್ದಳು.

ಮಣಿಕಟ್ಟಿನ ಕಟ್ಟು ಬಿಚ್ಚಿದರೂ ಎಡಗೈಗೆ ಬಲ ಬರಲಿಲ್ಲ. ಬಲಗೈಯಲ್ಲಿ ನಾಲ್ಕು ಕಾಲಿನ ಕೋಲು ಊರಿ ಒಣಗಿದ ನೆಲದ ಮೇಲೆ ನಿಧಾನವಾಗಿ ನಡೆಯುವಷ್ಟಾಗಿದ್ದಳು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಒಂದು ಹಸು ಜಾರಿತು.

ಇದು ನನಗೆ ತಿಳಿದದ್ದು ಭಾವನ ಫೋನಿನಿಂದ. ದನಿ ಗಾಬರಿಯಲ್ಲಿತ್ತು. ತುಂಬು ಗಬ್ಬದ ಹಸುವಂತೆ, ಸಿಮೆಂಟ್ ನೆಲದ ಮೇಲೆ ಹಿಂಗಾಲು ಅಗಲಿಸಿ ಕುಸಿದಿತ್ತಂತೆ, ಪುಣ್ಯಕ್ಕೆ ಎದ್ದಿತಂತೆ. ವಾರದೊಳಗೆ ನಾನು ಹೋಗಿ ನೋಡುವಷ್ಟರಲ್ಲಿ ಕೊಟ್ಟಿಗೆಯ ಒಂದು ಸಾಲಿಗೆ ಉದ್ದಕ್ಕೂ ಕಪ್ಪು ರಬ್ಬರ್ ಮ್ಯಾಟ್ ಹಾಸಿತ್ತು. ಕಾಲಿಟ್ಟರೆ ಕಚ್ಚಿ ಹಿಡಿಯುವಂಥದು. ಗೋದಲಿಯ ಗೋಡೆಗುಂಟ ಸೊಂಟದೆತ್ತರಕ್ಕೆ ಹೊಸ ಕಬ್ಬಿಣದ ಪೈಪು ಓಡಿತ್ತು, ಹಸಿರು ಬಣ್ಣ ಬಳಿದಿತ್ತು. ಗೋಡೆಯ ಆಚೆ ಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿದಿದ್ದರು. ಹಸು ಮೈಯೆಲ್ಲ ಹಾಕಿ ಎಳೆದರೂ ಬರುವ ಹಾಗಿರಲಿಲ್ಲ. ಎರಡನೆಯ ಸಾಲಿಗೂ ಹಾಕಲು ಪೈಪಿನವನು ಮರುದಿನ ಬರುವವನಿದ್ದ, ಅವನ ಪೈಪುಗಳು ಅಲ್ಲೇ ಒರಗಿದ್ದವು.

ಭಾವ ಒಂದೊಂದನ್ನೂ ಮುಟ್ಟಿ ತೋರಿಸಿದರು. "ಹಸು ಒಂದ್ಸಲ ಜಾರಿ ಬಿತ್ತು ಅಂದ್ರೆ ಮುಗೀತು ಕಣಯ್ಯ. ಎದ್ದೇಳಲ್ಲ. ಅದಕ್ಕೇ ತಡ ಮಾಡ್ಲಿಲ್ಲ ನಾನು."

"ಅಕ್ಕಂಗೆ, ಭಾವ?"

ಅವರು ನಿಜವಾಗಿ ಆಶ್ಚರ್ಯಪಟ್ಟರು. "ಅವ್ಳೇನ್ ಹಸುವೇ? ಬುದ್ಧಿ ಐತೆ, ನೋಡ್ಕೊಂಡು ನಡೀಬೇಕು."

ಈ ಮಾತನ್ನು ಅವರು ಕೋಪದಲ್ಲಿ ಹೇಳಲಿಲ್ಲ, ತಮಾಷೆಗೂ ಹೇಳಲಿಲ್ಲ. ಸಗಣಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆದರೆ ಆ ಕ್ಷಣ ನನಗೆ ಹೇಸಿಗೆಯಾದದ್ದು ಸಗಣಿಗಲ್ಲ.

ಒಳಗೆ ಬಂದು ಅಕ್ಕನಿಗೆ ಹೇಳಿದೆ. ಭಾವನ ಮಾತನ್ನು ಅವರು ಆಡಿದ ಹಾಗೇ ಹೇಳಿದೆ, ಹೆಚ್ಚು ಕಡಿಮೆ ಮಾಡಲಿಲ್ಲ. ಅಕ್ಕ ಕೈ ಚಾಚಿ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ನನ್ ಕೊಟ್ಟಿಗೆ ನೋಡಿ ಎಷ್ಟ್ ದಿನ ಆಯ್ತು. ಕರ್ಕೊಂಡೋಗು," ಎಂದಳು.

"ಈಗಲೇ?"

"ಈಗ್ಲೇ. ಡೇರಿಗೆ ಹೋಗೋ ಟೈಮಾಯ್ತು. ಬೇಗ ನಡಿ."

ಡೇರಿಯ ಹೊತ್ತು ಯಾಕೆ ಮುಖ್ಯ ಎಂದು ನನಗೆ ಆಗ ಹೊಳೆಯಲಿಲ್ಲ. ಕೊಟ್ಟಿಗೆ ಇರುವುದು ಬೀದಿಗೆ ಮುಖ ಮಾಡಿ. ಊರಿನವರೆಲ್ಲ ಹಾಲಿನ ಕ್ಯಾನು ಹಿಡಿದು ಅದರ ಮುಂದೆಯೇ ಹೋಗಬೇಕು. ಮೆಟ್ಟಿಲಿಳಿಯುವಾಗ ಅವಳು ರೇಲಿಂಗಿಗೆ ಕೈ ಹಾಕಲು ಹೋಗಿ, ಆ ಪ್ಲಾಸ್ಟಿಕ್ಕನ್ನು ಮುಟ್ಟಿ, ಥೂ ಎಂದು ಕೈ ಸೀರೆಗೆ ಒರೆಸಿಕೊಂಡಳು. ನನ್ನ ತೋಳು ಹಿಡಿದೇ ಇಳಿದಳು.

ಕೊಟ್ಟಿಗೆಯಲ್ಲಿ ಮ್ಯಾಟಿನ ಮೇಲೆ ಕಾಲಿಟ್ಟು, ಅಂಗಾಲನ್ನು ಒಮ್ಮೆ ಒತ್ತಿ ನೋಡಿದಳು. ಕೋಲನ್ನು ನನ್ನ ಕೈಗೆ ಕೊಟ್ಟಳು. ಬಲಗೈಯಿಂದ ಪೈಪು ಹಿಡಿದು ಹೆಜ್ಜೆ ಕಿತ್ತಿಟ್ಟಳು. ಬಿದ್ದ ದಿನದಿಂದ ಅವಳು ಯಾರನ್ನೂ ಹಿಡಿಯದೆ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಹಸುಗಳು ತಲೆಯೆತ್ತಿ ಮೂಸಿದವು. ಅವಳು ಒಂದೊಂದರ ಹಣೆ ನೂಕಿಕೊಂಡು ಸಾಲಿನ ಕೊನೆ ಮುಟ್ಟಿ, ಹಾಗೇ ತಿರುಗಿ ಬಂದಳು. ಮೇವಿನ ಪಕ್ಕ ಇದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಬೀದಿಗೆ ಕಾಣುವಂತೆ ಹಾಕಿಸಿಕೊಂಡು, ಪೈಪು ಹಿಡಿದೇ ಅದರಲ್ಲಿ ಕೂತಳು.

"ನನ್ ಮಂಚ ಇಲ್ಲಿಗ್ ತರ್ಸು," ಎಂದಳು.

ಭಾವ ಕ್ಯಾನು ತೊಳೆಯುತ್ತಿದ್ದವರು ಓಡಿ ಬಂದರು. "ಏನೇ ಇದು? ಎದ್ದೇಳು ಒಳಕ್ಕೆ."

"ಬರಲ್ಲ. ಇಲ್ಲಿ ಚೆನ್ನಾಗೈತೆ."

"ಕೊಟ್ಟಿಗೇಲಿ ಮಲಗ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?"

"ನೀವೇ ಹೇಳಿದ್ರಂತಲ್ಲ, ನಂಗೆ ಬುದ್ಧಿ ಐತೆ ಅಂತ. ಬುದ್ಧಿ ಇರೋಳು ಜಾರ್ದೇ ಇರೋ ಕಡೆ ಇರ್ತಾಳೆ."

ಬೀದಿಯಲ್ಲಿ ಕ್ಯಾನು ಹಿಡಿದು ಹೋಗುತ್ತಿದ್ದ ಒಬ್ಬ ಮುದುಕ ನಿಂತ. "ಏನಮ್ಮಾ, ಇಲ್ಲ್ಯಾಕ್ ಕೂತ್ಬಿಟ್ರಿ? ಅಷ್ಟ್ ಚೆಂದದ ಮನೆ ಬಿಟ್ಟು?"

"ಇಲ್ಲಿ ಕಾಲು ಜಾರಲ್ಲ ಕಣಣ್ಣ. ಹಿಡ್ಕೊಳಕ್ಕೆ ಪೈಪ್ ಐತೆ. ಆ ಮನೇಲಿ ಬರೀ ದೇವ್ರವ್ನೆ."

ಮುದುಕ ಬೊಚ್ಚು ಬಾಯಿ ತೆರೆದು ನಕ್ಕ. ಅವನ ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರು ಏನೆಂದು ವಿಚಾರಿಸಲು ನಿಂತರು. ಅವರಿಗೂ ಅಕ್ಕ ಅದನ್ನೇ ಹೇಳಿದಳು, ಸ್ವಲ್ಪ ಹೆಚ್ಚು ವಿವರವಾಗಿ. ಬಾತ್‌ರೂಮಿನ ಬಾಗಿಲು ತೆರೆದಿಡುವುದನ್ನೂ ಸೇರಿಸಿದಳು. ಇನ್ನೂ ನಾಲ್ಕು ಜನ ಸೇರಿದರು. ಒಬ್ಬಳು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಇನ್ನೊಬ್ಬಳು ಭಾವನಿಗೆ ಕೇಳುವ ಹಾಗೇ, "ಹಸುಗಿಲ್ಲದ ಬರ ಹೆಂಗಸ್ರಿಗೆ ನೋಡು," ಎಂದಳು.

ಭಾವನ ಕಿವಿ ಕೆಂಪಾಯಿತು. ದನಿ ತಗ್ಗಿಸಿ, ಹಲ್ಲು ಕಚ್ಚಿ, "ಎದ್ ಬಾರೇ, ಜನ ನೋಡ್ತಾವ್ರೆ," ಎಂದರು.

"ನೋಡ್ಲಿ. ಬಾಗ್ಲು ತೆಕ್ಕೊಂಡು ಕೂತು ಅಭ್ಯಾಸ ಆಗೈತೆ ನಂಗೆ."

"ಹಾಕಿಸ್ತೀನಿ. ಹಾಕಿಸ್ತೀನಿ ಅಂದ್ನಲ್ಲ."

"ಯಾವ್ ಗೋಡೆಗೆ?"

ಭಾವ ಬೀದಿಯ ಕಡೆ ನೋಡಿದರು. ಜನ ಕದಲಿರಲಿಲ್ಲ. "ನೀನ್ ಹೇಳಿದ್ ಗೋಡೆಗೇ," ಎಂದರು.

ಇಲ್ಲಿ ಓದುಗರಿಗೆ ಒಂದು ಮಾತು ಸ್ಪಷ್ಟವಾಗಿರಲಿ. ಅಕ್ಕನ ಉರಿಮೂತ್ರಕ್ಕೆ ಭಾವ ಒಪ್ಪಿರಲಿಲ್ಲ, ಡಾಕ್ಟರ ಮಾತಿಗೆ ಒಪ್ಪಿರಲಿಲ್ಲ, ಒಡೆದ ತುಟಿ ನೋಡಿ ಒಪ್ಪಿರಲಿಲ್ಲ. ಕ್ಯಾನು ಹಿಡಿದ ಆರೇಳು ಜನ ನಿಂತು ನೋಡಿದ್ದಕ್ಕೆ ಒಪ್ಪಿದರು. ಅಕ್ಕನಿಗೆ ಇದು ಮೊದಲೇ ಗೊತ್ತಿತ್ತು. ಅಷ್ಟು ವರ್ಷ ಒಟ್ಟಿಗೆ ಬದುಕಿ ಅವಳು ಗಂಡನ ಬಗ್ಗೆ ತಿಳಿದುಕೊಂಡದ್ದು ಇಷ್ಟು ಎಂದು ನೆನೆದರೆ ಇವತ್ತಿಗೂ ನನಗೆ ಮೈ ಮುದುಡುತ್ತದೆ.

ಮರುದಿನ ಪೈಪಿನವನು ಬಂದ. ಅಕ್ಕ ಬಾತ್‌ರೂಮಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. "ಕೊಟ್ಟಿಗೇಲಿ ಹಾಕಿದ್ಯಲ್ಲಪ್ಪ, ಹಂಗೇ ಹಾಕು. ಹಸು ಎಳುದ್ರೂ ಬರ್ಬಾರ್ದು," ಎಂದಳು. ನಾಲ್ಕಿಂಚಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ, ಆಚೆಗೂ ತೂರುವ ಹಾಗೆ ತೂತು ಕೊರೆದು ಆ ಬದಿಯಲ್ಲಿ ಪಟ್ಟಿ ಕೊಡಬೇಕು. ಆ ಬದಿ ಎಂದರೆ ದೇವರ ಕೋಣೆ. ಭಾವ ಸ್ನಾನ ಮಾಡಿ, ಪಟವನ್ನು ಇಳಿಸಿ ಹಾಲ್‌ನ ಸೋಫಾದ ಮೇಲೆ ಮಲಗಿಸಿ, ತೆಂಗಿನಕಾಯಿ ಒಡೆದು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು. ದೇವರ ಬಳಿ ಕೇಳಿದ ಕ್ಷಮೆಯನ್ನು ಅಕ್ಕನ ಬಳಿ ಕೇಳಿದ್ದನ್ನು ನಾನು ಕಂಡಿಲ್ಲ.

ಡ್ರಿಲ್ ಗೋಡೆ ದಾಟಿ ದೀಪದ ಮೇಲೆ ಪುಡಿ ಉದುರಿಸಿತು. ಒಂದು ಟೈಲ್ ಮೂಲೆ ಸೀಳಿತು. ಭಾವ ಯಾರೋ ಸತ್ತ ಹಾಗೆ ಉಸಿರೆಳೆದುಕೊಂಡರು. ಕಮೋಡಿನ ಪಕ್ಕಕ್ಕೊಂದು, ನೀರು ಹುಯ್ದುಕೊಳ್ಳುವ ಜಾಗಕ್ಕೊಂದು, ಕೊಟ್ಟಿಗೆಯಲ್ಲಿ ಉಳಿದ ಹಸಿರು ಬಣ್ಣವನ್ನೇ ಬಳಿದ ಪೈಪು ಕೂತಿತು. ನೆಲಕ್ಕೆ ಕೊಟ್ಟಿಗೆಯ ಮ್ಯಾಟಿನದೇ ತುಂಡು ಕತ್ತರಿಸಿ ಹಾಸಿದರು. ನಾನು ತಂದ ಸ್ಟೀಲ್ ಹಿಡಿಕೆ ಎಡಗೋಡೆಯಲ್ಲಿ ಈಗಲೂ ಚಡ್ಡಿ ಹೊತ್ತುಕೊಂಡಿದೆ.

ಕೆಲವು ವಾರ ಬಿಟ್ಟು ಒಂದು ಶುಕ್ರವಾರ ಹೋದೆ. ದೇವರ ಕೋಣೆಯ ಗೋಡೆಯಲ್ಲಿ ಕಬ್ಬಿಣದ ಪಟ್ಟಿಗಳಿಗೂ ನಟ್ಟುಗಳಿಗೂ ಅರಿಶಿನ ಕುಂಕುಮ ಹಚ್ಚಿತ್ತು, ಒಂದೊಂದು ಸೇವಂತಿಗೆ ಸಿಕ್ಕಿಸಿತ್ತು. ಬೋಳಾಗಿ ಕಾಣುತ್ತದೆಂದು ಸೊಸೆ ಹಾಗೆ ಮಾಡಿದ್ದಳಂತೆ. ಅದೇ ದೂರದ ಚಿಕ್ಕಮ್ಮ ಮತ್ತೆ ಬಂದಿದ್ದಳು. ಅವಳು ಪಟಕ್ಕೆ ಕೈಮುಗಿದು, ಏನೆಂದು ತಿಳಿಯದೆ ನಟ್ಟುಗಳಿಗೂ ಕೈಮುಗಿದು, ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಇದೇನೆಂದು ಕೇಳಿದಳು.

"ನಮ್ಮನೆಯವ್ಳಿಗೆ ಹಿಡ್ಕೊಳಕ್ಕೆ ಆಗ್ಲಿ ಅಂತ ನಾನೇ ಹಾಕಿಸ್ದೆ," ಎಂದರು ಭಾವ. "ದೇವ್ರ ಬೆನ್ನಿಗಾದ್ರೂ ಪರವಾಗಿಲ್ಲ, ಅವ್ಳಿಗೆ ಕಷ್ಟ ಆಗ್ಬಾರ್ದು ಅಂದೆ."

"ಪುಣ್ಯ ಮಾಡವ್ಳೆ," ಎಂದಳು ಚಿಕ್ಕಮ್ಮ.

ನಾನು ಅಕ್ಕನ ಮುಖ ನೋಡಿದೆ. ಅವಳು ಇದ್ಯಾವುದಕ್ಕೂ ಕಿವಿಗೊಟ್ಟಂತೆ ಕಾಣಲಿಲ್ಲ. ದೊಡ್ಡ ಲೋಟದ ಕಾಫಿಯನ್ನು ಕೊನೆಯ ಗುಟುಕಿನ ತನಕ ಕುಡಿದು ಕೆಳಗಿಟ್ಟಳು. ಕೋಲು ಊರಿ ಎದ್ದಳು. ಎಲ್ಲರ ಮುಂದೆ ಹಾಲ್ ದಾಟಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ಚಿಲಕ ಹಾಕ್ಬೇಡ ಕಣೇ!" ಎಂದು ಭಾವ ಕೂತಲ್ಲಿಂದಲೇ ಕೂಗಿದರು.

ಚಿಲಕ ಬಿದ್ದ ಸದ್ದು ಕೇಳಿಸಿತು.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಒಬ್ಳೇ ಹೋದ್ಲಾ? ಹೆಂಗ್ ಎದ್ದೇಳ್ತಾಳೆ ನೋಡ್ಬೇಕಲ್ಲ," ಎಂದು ಬಿಸ್ಕತ್ತು ಹಿಡಿದೇ ಎದ್ದು ಹೋಗಿ ಬಾಗಿಲು ತಳ್ಳಿದಳು. ಅದು ಕದಲಲಿಲ್ಲ. ಇನ್ನೊಮ್ಮೆ ತಳ್ಳಿದಳು.

"ಯಾರದು?" ಎಂದಿತು ಒಳಗಿನಿಂದ ಅಕ್ಕನ ದನಿ. "ಒಳಗೆ ಜನ ಅವ್ರೆ."